ಹಿಡಿಕೆಯ ನಲವತ್ತು ಗೆರೆ

ರಿಪೇರಿಗೆಂದು ಹೋದ ಹರಿಹರದ ಆ ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವ ಮಿಲ್ಲಿಂಗ್ ಮಿಷನ್ ಕಂಡು ನನಗೆ ಮೈ ಉರಿದಿತ್ತು. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಪೀಸು ಕೂರಿಸುವ ಟೇಬಲ್ ಜಪ್ಪಯ್ಯ ಎಂದರೂ ಕದಲದು! ಒಳಗಿನ ಸ್ಕ್ರೂ, ನಟ್ಟು ಸವೆದು ಅಷ್ಟು ಸಡಿಲವಾಗಿದ್ದವು. ಕೂದಲೆಳೆಯಷ್ಟು ಸರಿದರೂ ತೋರಿಸುವ ಡಯಲ್ ಗೇಜನ್ನು ಟೇಬಲ್ಲಿಗೆ ಆನಿಸಿ, ಹಿಡಿಕೆಯ ಸುತ್ತ ಕೊರೆದ ಅಳತೆಯ ಗೆರೆಗಳನ್ನು ಎಣಿಸಿದೆ. ಹಿಡಿಕೆಯ ನಲವತ್ತು ಗೆರೆ ದಾಟಿದ ಮೇಲೆ ಗೇಜಿನ ಮುಳ್ಳು ಅಲ್ಲಾಡಿತು. ಇದರಲ್ಲಿ ಕೆಲಸ ಮಾಡುವವರು ಮನುಷ್ಯರೋ ದೆವ್ವಗಳೋ ಎಂದು ಗೊಣಗುತ್ತ ನಟ್ಟು ಬಿಗಿ ಮಾಡಿದೆ. ಸಡಿಲ ನಾಲ್ಕು ಗೆರೆಗೆ ಇಳಿಯಿತು. ಮೀಸೆ ತಿರುವಿಕೊಂಡು ದಾವಣಗೆರೆ ಬಸ್ಸು ಹತ್ತಿದೆ.

ಮಿಷನ್ ನಡೆಸುವ ಅಕ್ಕ ಅಂದು ಹದಡಿಗೆ ತಂಗಿಯ ಮಗುವಿನ ತೊಟ್ಟಿಲಿಗೆ ಹೋಗಿದ್ದಳು. ಆಕೆಗೆ ಯಾರೂ ಏನೂ ಹೇಳಲಿಲ್ಲ.

ಮೂರನೆಯ ದಿನ ಮಾಲೀಕರ ಫೋನು. "ಎಂಥಾ ರಿಪೇರಿ ಮಾಡೀರಿ? ಮೂರು ಪೀಸು ಹಾಳಾದ್ವು!"

"ನನ್ನ ಕೆಲಸ ಸರಿ ಐತೆ. ನಿಮ್ಮ ಆಪರೇಟರ್‌ನ ನೋಡ್ಕೊಳ್ರಿ" ಎಂದು ಸಿಡುಕಿದೆ.

"ಹಂಗಾದ್ರೆ ಆಕೆ ಕಣ್ಣೇ ಮಂಜಾಗಿರ್ಬೇಕು. ನಾಳೆಯಿಂದ ಬ್ಯಾಡ ಅಂತೀನಿ."

ಫೋನ್ ಇಟ್ಟು ಊಟಕ್ಕೆ ಕೂತೆ. ಒಬ್ಬರ ಅನ್ನ ಕಿತ್ತುಕೊಳ್ಳಲು ನನಗೆ ಒಂದು ಮಾತು ಸಾಕಾಯಿತಲ್ಲ! ಅರ್ಧಕ್ಕೇ ಎದ್ದು ಬಸ್ಸು ಹಿಡಿದೆ.

ಅಕ್ಕ ಕೆಲಸದಲ್ಲಿದ್ದಳು. ಹಿಂದೆ ನಿಂತು ನೋಡಿದೆ. ಲೆಕ್ಕಕ್ಕೆ ಬೇಕಾದಷ್ಟು ಗೆರೆ ಹಿಂದಕ್ಕೆ ತಿರುಗಿಸಿದ ಮೇಲೂ ಆಕೆಯ ಮಣಿಕಟ್ಟು ತಾನಾಗಿ ಇನ್ನೊಂದಿಷ್ಟು ಹೊರಳಿತು. ನಲವತ್ತು ಗೆರೆ! ಹಳೆಯ ಸಡಿಲಕ್ಕೆ ಎಂದೋ ಕಲಿತ ಸುತ್ತು ಅದು. ಈಗ ಆ ಸುತ್ತಿಗೆ ಟೇಬಲ್ ಅಳತೆ ಮೀರಿ ಸರಿದು ಪೀಸು ಕೆಡುತ್ತಿತ್ತು. ಮಿಷನ್ನಿನಿಂದ ಆ ಸಡಿಲವನ್ನು ನಾನು ತೆಗೆದಿದ್ದೆ, ಆಕೆಯ ಕೈಯಲ್ಲಿ ಅದು ಹಾಗೇ ಉಳಿದಿತ್ತು. ನಾಚಿಕೆಯಿಂದ ಸತ್ತೇಹೋದೆ.

ಮಾಲೀಕರನ್ನು ಕರೆದು ಹೇಳಿದೆ: "ತಪ್ಪು ನಂದು. ಅಕ್ಕನ ಕಣ್ಣು ಚಲೋ ಅದಾವೆ."

ಅವರು ನಂಬಲಿಲ್ಲ. "ಒಂದು ಪೀಸು ಮಾಡಿ ತೋರಿಸ್ಲಿ ನೋಡಣ."

ನಾನು ಅಕ್ಕನಿಗೆ ವಿಷಯ ತಿಳಿಸಿದೆ. ಹಿಂದಕ್ಕೆ ತಿರುಗಿಸುವ ಹೊತ್ತು ಬಂದಾಗ ಆಕೆ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಮಾಲೀಕರು ಪೀಸನ್ನು ಎರಡು ಸಲ ಅಳೆದರು. "ನಾಳೆ ಹೊತ್ತಿಗೆ ಸರಿಯಾಗಿ ಬಾರವ್ವ" ಎಂದು ಹೊರಗೆ ಹೋದರು.

"ತಪ್ಪಾತಕ್ಕ" ಎಂದೆ.

ಆಕೆ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು. "ಹದಿನಾಲ್ಕು ವರ್ಷ ಆ ನಲವತ್ತು ಗೆರೆ ನಾನೇ ಹೊತ್ತೀನಿ. ಇಳಿಸಿದ್ದು ಒಳ್ಳೇದಾತು ಬಿಡಪ್ಪ. ಆದ್ರೆ ಇಳಿಸೀನಿ ಅಂತ ನನಗೊಂದು ಮಾತು ಹೇಳಬಾರದಾಗಿತ್ತೇನು?"