ಮುನೀರಾ ಕಾಯ್ದ ಅಂಕಿಗಳು

ತಿಕೋಟಾದ ಮುನೀರಾ ನಮ್ಮ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಸೊಲ್ಲಾಪುರ ರಸ್ತೆಯ ಆ ಗೋದಾಮಿನಲ್ಲಿ ನಾನು ಒಣದ್ರಾಕ್ಷಿ ಆರಿಸುವವಳು. ತಂಪು ಅಳೆಯುವ ಡಬ್ಬಿಯಿಂದ ಒಂದು ವೈರು ಆಫೀಸಿನ ಹಳೆಯ ಕಂಪ್ಯೂಟರಿಗೆ ಬರುತ್ತಿತ್ತು, ನಿಮಿಷಕ್ಕೊಂದು ಅಂಕಿ ಹೊತ್ತು. ಮುನೀರಾ ಅಷ್ಟನ್ನೇ ನಂಬಿ ಕೂರುತ್ತಿರಲಿಲ್ಲ. ಸ್ವೆಟರ್ ಹಾಕಿಕೊಂಡು ಒಳಗೆ ಹೋಗಿ, ಗೋಡೆಯ ಥರ್ಮಾಮೀಟರ್ ನೋಡಿ ಬಂದು ತಾಳೆ ಹಾಕುವಳು.

ಆ ಕಂಪ್ಯೂಟರಿಗೊಂದು ಕೆಟ್ಟ ಚಾಳಿ. ಬಂದ ಅಂಕಿಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ಮುಂಜಾನೆ ಮುನೀರಾ ಸೇವ್ ಒತ್ತಿದರೆ ಮಾತ್ರ ಬರೆದಿಡುತ್ತಿತ್ತು. ನಡುವೆ ಕರೆಂಟು ಹೋದರೆ ರಾತ್ರಿಯದೆಲ್ಲ ಮಾಯ.

"ಸರ, ಅಂಕಿ ಬಂದಂಗ ಬಂದಂಗ ಬರಕೊಳ್ಳೂ ಹಂಗ ಮಾಡೇನಿ. ಒಂದು ಬ್ಯಾಟರಿನೂ ಕೊಡಸ್ರಿ," ಎಂದಳು ಮ್ಯಾನೇಜರ್ ಶಿವಯೋಗೆಪ್ಪನಿಗೆ.

"ಅದಕ್ಕ ಏನು ಇದು ಇಷ್ಟು ನಿಧಾನ ಆಗಿದ್ದು? ನಾ ಒಂದು ಬಿಲ್ಲಿನ ಚೀಟಿ ತೆಗಿಯಾಕ ಅರ್ಧಾ ತಾಸು ಕಾಯಾಕತ್ತೇನಿ! ಮುದಿ ಮಷೀನು ಅದು, ಓಡಸಬ್ಯಾಡ. ಮೊದಲಿನಂಗ ಮಾಡು."

ಮಾಡಿದಳು. ಯಂತ್ರಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ಹಿಂದಿನ ಸಂಜೆ ಮಾತ್ರ ಎರಡೆರಡು ಸಲ ಹೇಳಿ ಹೋದಳು: "ನಾ ಬಂದು ಸೇವ್ ಮಾಡೂಮಟ ವೈರಿಗೆ ಕೈ ಹಚ್ಚಬ್ಯಾಡ್ರಿ."

ಮರುದಿನ ಅವಳ ಬಸ್ಸು ತಡವಾಯಿತು. ಶಿವಯೋಗೆಪ್ಪ ಪ್ಲಗ್ ಕಿತ್ತು, ಕಂಪ್ಯೂಟರ್ ಒರೆಸಿ, ವಿಭೂತಿ ಹಚ್ಚಿದ. "ಮಷೀನಿಗೂ ಒಂದಿನಾ ಆರಾಮ ಬೇಕಲ್ಲಬೇ, ಮುದುಕಿ? ಹೂ ಏರಸು," ಎಂದ. ಚೆಂಡು ಹೂವಿನ ಮಾಲೆ ಏರಿಸಿದವಳು ನಾನೇ.

ಎಂಟು ದಿನಕ್ಕೆ ಬಬಲೇಶ್ವರದ ವ್ಯಾಪಾರಿ ಅಕ್ರಮ್ ಬಂದ. ಪೂಜೆಯ ಮುಂಜಾನೆ ಒಯ್ದ ಅವನ ದ್ರಾಕ್ಷಿ ಬೆವೆತು ಅಂಟಂಟಾಗಿತ್ತು.

"ಅದರ ಹಿಂದಿನ ರಾತ್ರಿ ತಂಪು ಎಷ್ಟಿತ್ತು, ತೋರಸ್ರಿ."

"ಎಲ್ಲಿಂದ ತೋರಸೋದು? ಈಕಿ ಸೇವ್ ಮಾಡಿಲ್ಲ," ಎಂದ ಶಿವಯೋಗೆಪ್ಪ, ಕಣ್ಣು ಸಹ ಮಿಟುಕಿಸದೆ.

ಮುನೀರಾ ನನ್ನ ಕಡೆ ತಿರುಗಿದಳು. "ಅವ್ವಾ, ನೀವ ಇದ್ರಿ. ವೈರ್ ಯಾರು ಕಿತ್ರು, ಹೇಳ್ರಿ."

ಗಂಡ ಸತ್ತ ಮೇಲೆ ನನಗಿದ್ದದ್ದು ಆ ಕೆಲಸವೊಂದೇ. "ನಾ ಸಾಲಿ ಕಲತಾಕಿ ಅಲ್ಲವಾ. ಕಂಪ್ಯೂಟರ್ ಗಿಂಪ್ಯೂಟರ್ ನನಗೇನ್ ತಿಳೀತೈತಿ?" ಎಂದೆ. ಪ್ಲಗ್ ಕೀಳುವುದು ತಿಳಿಯಲು ಶಾಲೆ ಕಲಿಯಬೇಕೇ?

ಅಂದೇ ಅವಳನ್ನು ಕೆಲಸದಿಂದ ಬಿಡಿಸಿದರು. ಕೆಲಸ ಕೇಳಿ ಬೇರೆ ಎರಡು ಗೋದಾಮುಗಳಿಗೂ ಹೋಗಿದ್ದಳಂತೆ. ಅವರು ಶಿವಯೋಗೆಪ್ಪನಿಗೆ ಫೋನ್ ಮಾಡಿ ಕೇಳಿದರು, ಅಷ್ಟಕ್ಕೇ ಮುಗಿಯಿತು. ಈಗ ತಿಕೋಟಾದ ಶೆಡ್ಡಿನಲ್ಲಿ ಕೂತು ದ್ರಾಕ್ಷಿಯ ತೊಟ್ಟು ಕೀಳುತ್ತಾಳೆ.

ಹೋದ ವಾರ ಬಸ್ಸಿನಲ್ಲಿ ಕಂಡಳು. ಪಕ್ಕದ ಸೀಟು ಖಾಲಿಯಿತ್ತು, ಕುಳಿತೆ. ಅವಳು ಎದ್ದು, ಊರು ಬರುವವರೆಗೂ ನಿಂತೇ ಇದ್ದಳು.