ಬೇರೆ ಮೊಳೆಯ ಟವೆಲು

ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಟವೆಲನ್ನು ಹಗ್ಗದ ಮೇಲೆ ಹರವದೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಹಾಕಿದ ಮೇಲೆ ನನಗೇ ನಗು ಬಂತು. ವಿಕ್ರೋಳಿಯ ಈ ಮನೆಯಲ್ಲಿರುವವನು ನಾನೊಬ್ಬನೇ. ಟವೆಲೂ ಒಂದೇ. ಯಾರದ್ದಕ್ಕೆ ತಾಗಬಾರದೆಂದು ಅದನ್ನು ಬೇರೆ ಇಟ್ಟೆ, ನೀವೇ ಹೇಳಿ.

ಕಾರಣ ಇಲ್ಲದಿಲ್ಲ. ಕೆಲವು ದಿನಗಳಿಂದ ಮೂತ್ರಕ್ಕೆ ಹೋದರೆ ಉರಿ, ಒಳಚಡ್ಡಿಯಲ್ಲಿ ಕಲೆ. ಐವತ್ತು ದಾಟಿದ ಗಂಡಸು ಇಂಥದ್ದಕ್ಕೆ ಮೊದಲು ಉಷ್ಣವೆಂದು ಹೆಸರಿಡುತ್ತಾನೆ. ನಾನೂ ಇಟ್ಟೆ. ಎಳನೀರು ಕುಡಿದೆ, ಜೀರಿಗೆ ನೀರು ಕುಡಿದೆ, ಉಪ್ಪಿನಕಾಯಿ ಬಿಟ್ಟೆ. ಉಪ್ಪಿನಕಾಯಿಯ ತಪ್ಪೇನೂ ಇಲ್ಲವೆಂದು ಒಳಗೊಳಗೇ ಗೊತ್ತಿತ್ತು.

ಗೊತ್ತಿದ್ದದ್ದರಿಂದಲೇ ಶಾಲಿನಿಯವರ ಫೋನು ಎತ್ತುವುದನ್ನು ಬಿಟ್ಟೆ. ಶಾಲಿನಿ ಬಾಂದ್ರಾದ ಒಂದು ಆಫೀಸಿನಲ್ಲಿದ್ದಾರೆ, ಇಲ್ಲೇ ಹುಟ್ಟಿ ಬೆಳೆದು ಕನ್ನಡಕ್ಕೆ ಹಿಂದಿ ಬೆರೆಸಿ ಆಡುವವರು, ಗಂಡನನ್ನು ಕಳೆದುಕೊಂಡವರು. ನಮ್ಮಿಬ್ಬರ ಭಾನುವಾರಗಳು ಒಟ್ಟಿಗೇ ಕಳೆಯುತ್ತವೆ. ಉಳಿದ ದಿನಗಳಲ್ಲಿ ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಆಕೆ ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದಾಗ ನಾನು ಹೋಗಬಾರದ ಕಡೆ ಹೋಗಿ ಬಂದೆ. ಒಂಟಿತನಕ್ಕೆ ಬುದ್ಧಿ ಕಡಿಮೆ. ಅವರು ತಿರುಗಿ ಬಂದ ಮೇಲೆ ಎಂದಿನಂತೆ ಒಂದು ಭಾನುವಾರವೂ ಕಳೆಯಿತು. ಉರಿ ಶುರುವಾದದ್ದು ಅದರ ನಂತರ. ಈಗ ಅವರಿಗೆ ಹೇಳಲೇಬೇಕು. ಹೇಳಿದರೆ ಇರುವ ಭಾನುವಾರವೂ ಹೋಗುತ್ತದೆ ಎಂಬ ಭಯ.

ಈ ಮೊಳೆಯ ಅಭ್ಯಾಸ ಹಳೆಯದು. ಚಿಕ್ಕ ವಯಸ್ಸಿನಲ್ಲಿ ಧಾರವಾಡದಿಂದ ಬಂದು ಫೋರ್ಟಿನಲ್ಲಿ ಕಾರಕೂನನಾದಾಗ, ಇದೇ ವಿಕ್ರೋಳಿಯ ಚಾಳಿನ ಒಂದು ಖೋಲಿಯಲ್ಲಿ ನಾನೂ ಭೋಜಣ್ಣನೂ ಇದ್ದೆವು. ಭೋಜಣ್ಣ ಉಡುಪಿ ಕಡೆಯವರು, ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಸಂಜೆ ಬರುವಾಗ ಡಬ್ಬಿಯಲ್ಲಿ ಪಲ್ಯ, ಸಾಂಬಾರು ತರುವರು. ನಾನು ಅನ್ನ ಮಾಡುವೆ. ಪಾತ್ರೆ ತೊಳೆಯುವ ಸೋಮಾರಿತನದಿಂದ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣಲು ಶುರುಮಾಡಿದ್ದು ಆಮೇಲೆ ಪ್ರೀತಿಯಾಗಿ ಬೆಳೆಯಿತು.

ಆಗೊಮ್ಮೆ ನನಗೆ ಹೇಳಬಾರದ ಜಾಗದಲ್ಲಿ ಒಂದು ಹುಣ್ಣಾಯಿತು. ಹೇಗೆ ಬಂತೆಂದು ಕೇಳಬೇಡಿ, ಎಲ್ಲರಿಗೂ ಬರುವ ಹಾಗೆಯೇ ಬಂತು. ನೋವಿರಲಿಲ್ಲ, ಹೆದರಿಕೆ ಮಾತ್ರ ಬೆಟ್ಟದಷ್ಟು. ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿರುತ್ತಾರಲ್ಲ, ಗುಪ್ತರೋಗದ ಹಳದಿ ಚೀಟಿ, ಅದರಲ್ಲಿದ್ದ ವೈದ್ಯನ ಬಳಿ ಹೋಗಿ ಪುಡಿ ತಂದು ತಿಂದೆ. ಹುಣ್ಣು ಮಾಯವಾಯಿತು. ಆದರೂ ರೋಗ ಭೋಜಣ್ಣನಿಗೆ ಅಂಟೀತೆಂಬ ಚಿಂತೆ. ಅಂಟುವುದನ್ನು ತಡೆಯಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ಅಜ್ಜಿಯದು. ನಮ್ಮ ಮನೆಯಲ್ಲಿ ಅಜ್ಜಿಯ ಮಡಿ ಸೀರೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅವಳ ತಂಬಿಗೆ ಬೇರೆ, ತಾಟು ಬೇರೆ. ನಾನೂ ಹಾಗೇ ಮಾಡಿದೆ. ಬೇರೆ ತಾಟು ತಂದೆ, ಬೇರೆ ಲೋಟ ತಂದೆ, ಟವೆಲಿಗೆಂದು ಮೂಲೆಯಲ್ಲಿ ಬೇರೆ ಮೊಳೆ ಹೊಡೆದೆ, ಕೆಂಪು ಸಾಬೂನಿನಿಂದ ಮೈ ತಿಕ್ಕಿದ್ದೇ ತಿಕ್ಕಿದ್ದು. ಅಜ್ಜಿ ತಾನು ಕೆಡಬಾರದೆಂದು ದೂರ ನಿಂತವಳು, ನಾನು ಭೋಜಣ್ಣ ಕೆಡಬಾರದೆಂದು ದೂರ ನಿಂತವನು. ನೋಡುವವರಿಗೆ ಎರಡೂ ಒಂದೇ.

ಭೋಜಣ್ಣ ಮೊದಲು ತಮಾಷೆ ಮಾಡಿದರು. "ಎಂಥ ಭಟ್ರೇ, ಮಡಿ ಜೋರುಂಟಲ್ಲ!" ಆಮೇಲೆ ತಮಾಷೆ ನಿಂತಿತು. ಪಲ್ಯದ ಡಬ್ಬಿಯನ್ನು ನನ್ನ ಕಡೆ ಸರಿಸಿ ತಾವು ಗೋಡೆ ನೋಡುತ್ತ ಉಣ್ಣತೊಡಗಿದರು. ಒಂದೇ ಖೋಲಿಯಲ್ಲಿ ಇಬ್ಬರು ಬೆನ್ನು ಹಾಕಿ ಉಣ್ಣುವುದಕ್ಕಿಂತ ಉಪವಾಸ ಮೇಲು ಎಂದು ಆಗ ನನಗೆ ಅನಿಸಿತ್ತು.

ಒಂದು ಸಂಜೆ ಅವರೇ ಬಾಯಿಬಿಟ್ಟರು.

"ನೋಡು ಮಾರಾಯ, ನಮ್ಮ ಜಾತಿಯವರ ಒಟ್ಟಿಗೆ ಕೂತು ಉಣ್ಣಲಿಕ್ಕೆ ಆಗುದಿಲ್ಲ ಅಂತಾದ್ರೆ ಹೇಳಿಬಿಡು. ನಾನು ಬೇರೆ ರೂಮು ನೋಡ್ತೇನೆ."

ನಾನು ಅಂಗೈ ಮುಂದೆ ಹಿಡಿದೆ. ಅಷ್ಟರಲ್ಲಿ ಅಂಗೈ ತುಂಬ ಕಂದು ಕಲೆಗಳು ಎದ್ದಿದ್ದವು.

"ಹಂಗಲ್ಲೋ ಭೋಜಣ್ಣ. ಹೊಲಸು ರೋಗ ಹತ್ತೇದ ನನಗ. ನಿನಗ ಹತ್ತಬಾರದಂತ ದೂರ ಕುಂತೇನಿ."

ಭೋಜಣ್ಣ ಎದ್ದು ಮೂಲೆಯ ಮೊಳೆಯಿಂದ ನನ್ನ ಟವೆಲು ತೆಗೆದುಕೊಂಡರು. ಅದರಲ್ಲಿ ಮುಖ ಒರೆಸಿದರು, ಕತ್ತು ಒರೆಸಿದರು, ನಿಧಾನವಾಗಿ.

"ಎಂಥದೂ ಇಲ್ಲ. ಸಾಬೂನಿನ ವಾಸನೆ ಉಂಟು, ಅಷ್ಟೆ. ನಾಳೆ ದೊಡ್ಡಾಸ್ಪತ್ರೆಗೆ ಹೋಗುವ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಅದನ್ನು ಸಿಫಿಲಿಸ್ ಎಂದರು. ಹುಣ್ಣು ಪುಡಿಯಿಂದ ವಾಸಿಯಾದದ್ದಲ್ಲವಂತೆ, ಅದು ತಾನಾಗಿಯೇ ಮಾಯುತ್ತದಂತೆ, ರೋಗ ಮಾತ್ರ ಮೈಯೊಳಗೆ ಉಳಿಯುತ್ತದಂತೆ. ತಾಟಿನಿಂದ, ಟವೆಲಿನಿಂದ ಹರಡುವುದಲ್ಲವೆಂದು ಕೇಳಿ ಭೋಜಣ್ಣ ನನ್ನ ಕಡೆ ನೋಡಿ ನಕ್ಕರು. ಪೆನ್ಸಿಲಿನ್ ಚುಚ್ಚಿಸಿಕೊಂಡು ನಾನು ಕುಂಟುತ್ತ ಲೋಕಲ್ಲು ಹತ್ತಿದೆ. ಮತ್ತೆ ರಕ್ತ ತೋರಿಸಲು ಬಾ ಎಂದಿದ್ದರು, ಹೋದೆ, ಗುಣವಾಗಿತ್ತು. ಆದರೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು: ಯಾರ ಜೊತೆ ಇದ್ದೆಯೋ ಅವಳಿಗೂ ಹೇಳಿ ಕಳಿಸು, ಅವಳಿಗೂ ಔಷಧಿ ಬೇಕು. ನನಗೆ ಅವಳ ಹೆಸರೇ ಗೊತ್ತಿರಲಿಲ್ಲ.

ಭೋಜಣ್ಣ ಊರಿಗೆ ಹೋದರು, ಈಗ ಇಲ್ಲ. ನನ್ನ ಟವೆಲಿನಲ್ಲಿ ಮುಖ ಒರೆಸುವವರು ಆಮೇಲೆ ಯಾರೂ ಸಿಗಲಿಲ್ಲ.

ಆದರೆ ಈ ಸಲ ಹೆಸರು ಗೊತ್ತಿದೆ, ನಂಬರೂ ಇದೆ. ಚಹಾ ಆರಿ ತಣ್ಣಗಾಗುವವರೆಗೆ ಕೂತಿದ್ದು, ಕೊನೆಗೆ ಫೋನು ಮಾಡಿದೆ.

"ಹಾಂ, ಬೋಲಿಯೇ," ಎಂದರು ಶಾಲಿನಿ, ಯಾರೋ ಗುರುತಿಲ್ಲದವರಿಗೆ ಹೇಳುವಂತೆ.

ಉಸಿರು ಬಿಡದೆ ಎಲ್ಲ ಹೇಳಿದೆ. ಅವರು ಪುಣೆಯಲ್ಲಿದ್ದ ದಿನಗಳದ್ದೂ.

"ನಾನು ಏನು ಸೋಚಿಸಿದೆ ಗೊತ್ತಾ?" ಎಂದರು. "ನಿಮಗೆ ನಾನು ಬೇಡ ಆದೆ ಅಂತ. ಇಷ್ಟು ದಿನ ಫೋನ್ ನೋಡ್ತಾ ಕೂತಿದ್ದೆ."

ಎಷ್ಟೋ ವರ್ಷದ ಹಿಂದೆ ಭೋಜಣ್ಣ ಗೋಡೆ ನೋಡುತ್ತ ಉಂಡದ್ದು ಕಣ್ಣೆದುರು ಬಂತು.

"ಗುಸ್ಸಾ ಬಹಳ ಇದೆ. ಅದು ಆಮೇಲೆ," ಎಂದರು. "ನಾನೂ ಚೆಕ್ ಮಾಡಿಸ್ಬೇಕಲ್ಲ. ಯಾವ ಸ್ಟೇಷನ್‌ಗೆ ಬರ್ಲಿ?"

ದಾದರ್ ಎಂದೆ, ದೊಡ್ಡಾಸ್ಪತ್ರೆಗೆ ಅಲ್ಲಿಂದ ಹತ್ತಿರ. ಫೋನು ಇಟ್ಟು, ಮೊಳೆಯಿಂದ ಟವೆಲು ತೆಗೆದು ಹಗ್ಗದ ಮೇಲೆ ಹರವಿದೆ. ಆಮೇಲಿನ ಸಿಟ್ಟು ಏನು ಮಾಡುತ್ತದೋ ತಿಳಿಯದು. ಆಸ್ಪತ್ರೆಯಲ್ಲಿ ಬೇರೆ ಬೆಂಚಿನ ಮೇಲೆ ಕೂತರೂ ಕೂತಾರು. ಆದರೂ ಬರುತ್ತಾರೆ.