ನಾಯಿತಲೆಯ ಸಲಹೆಗಾರ

ಸ್ವೀಡನ್ನಿನ ಶೋವ್ಡೆ ಊರಿನ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳ ನಡುವೆ, ಕೆಲಸಕ್ಕೆ ಸೇರಲೇಬೇಕೆಂಬುದು ಕುಮುದಾಳ ಹಟ. ಗಂಡ ಲಿಂಗರಾಜ ಎಂಜಿನ್ ಕಾರ್ಖಾನೆಗೆ ಹೊರಟ ಮೇಲೆ ಅವಳು ಎರಡು ಚಳಿಗಾಲ ಕಿಟಕಿಯ ಬಳಿ ಕೂತು ಸ್ವೀಡಿಷ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದ್ದಳು.

೨೦೧೪ರ ಮಾರ್ಚ್‌ನಲ್ಲಿ ಸಂದರ್ಶನಕ್ಕೆ ಕರೆ ಬಂತು. ಅಲ್ಲಿನ ಕನ್ನಡಿಗರಿಗೆಲ್ಲ ಹಿರಿಯರಾದ ರಮಾನಂದ ಫೋನಿನಲ್ಲೇ ಉಪಾಯ ಹೇಳಿದರು.

"ಬರಿಗೈಲಿ ಹೋಗ್ಬೇಡಮ್ಮ. ಒಂದ್ ಬಾಕ್ಸ್ ಕೊಬ್ಬರಿ ಮಿಠಾಯಿ ತಗೊಂಡ್ಹೋಗು. ಸ್ವೀಟ್ ಬೇಡ ಅನ್ನೋರು ಯಾರಿದಾರೆ?"

ಡಾಗಿಸ್‌ನ ಮುಖ್ಯಸ್ಥೆ ಅನೀಕಾ ಆ ಡಬ್ಬಿಯನ್ನು ಒಂದೇ ಬೆರಳಿನಿಂದ ಈಚೆಗೆ ತಳ್ಳಿದಳು. ಕೆಲಸ ಕೊಡುವ ಜಾಗದಲ್ಲಿ ಕೂತವರು ಇಂಥದ್ದನ್ನು ಮುಟ್ಟುವಂತಿಲ್ಲ, ಲಂಚವಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಕುಮುದಾಳಿಗೆ ಒಂದು ಕ್ರಿಯಾಪದವೂ ನೆನಪಾಗಲಿಲ್ಲ, ಕೆಲಸವೂ ಸಿಗಲಿಲ್ಲ.

ಭಾಷಾ ತರಗತಿಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಚೀನಾದ ಶ್ಯೂಫೆನ್ ಇದನ್ನು ಕೇಳಿ ಬೆಂಚು ಬಡಿದು ನಕ್ಕಳು.

"ಗೋತೋ ಜುನ್‌ಷಿ! ನಾಯಿತಲೆಯ ಸೇನಾ ಸಲಹೆಗಾರ. ತಲೆಕೆಟ್ಟ ಉಪಾಯ ಅವನದು, ಏಟು ನಿನಗೆ."

"ಪಾಪ, ನಾಯಿ ಏನ್ ಮಾಡ್ತು?"

"ಹಿರಿಯರ ಎದುರಿಗೆ ಅನ್ನಬೇಡ, ಬೈಗುಳ ಆಗುತ್ತೆ. ಗೆಳತಿಯರು ತಮ್ಮತಮ್ಮಲ್ಲಿ ಅನ್ನಬಹುದು. ಈಗ ಕೇಳು, ಮುಂದಿನ ಸಲ ಕೆಂಪು ಬಟ್ಟೆ ಹಾಕ್ಕೊಂಡು ಹೋಗು, ಅದೃಷ್ಟ ಬರುತ್ತೆ."

"ನೀನೂ ನಾಯಿತಲೆನಾ?"

"ನಾನೂ! ನಮ್ಮನ್ನ ನಾವೇ ಹಾಗೆ ಕರ್ಕೊಂಡ್ರೆ ಅದು ತಮಾಷೆ."

ಆಗಸ್ಟ್‌ನಲ್ಲಿ ಅದೇ ಡಾಗಿಸ್‌ನಿಂದ ಮತ್ತೆ ಕರೆ. ರಮಾನಂದರ ಫೋನೂ ಬಂತು. "ಹತ್ತು ವರ್ಷ ಟೀಚರ್ ಆಗಿದ್ದೆ ಅಂದ್ಬಿಡು. ಬೆಂಗಳೂರಿಗೆ ಫೋನ್ ಮಾಡಿ ಯಾರ್ ಕೇಳ್ತಾರೆ?"

ಕುಮುದಾ ಎಂದಿನ ಬೂದು ಸ್ವೆಟರ್ ತೊಟ್ಟು ಬರಿಗೈಯಲ್ಲಿ ಹೋದಳು. ಟೀಚರ್ ಆಗಿರಲಿಲ್ಲ, ತಂಗಿಯ ಅವಳಿ ಮಕ್ಕಳನ್ನು ಮೂರು ವರ್ಷ ನೋಡಿಕೊಂಡಿದ್ದೆ ಎಂದಳು. ಅಮ್ಮ ಬಿಟ್ಟು ಹೋದಾಗ ಅಳುವ ಮಗುವಿಗೆ ಏನು ಹೇಳುತ್ತೀ ಎಂದು ಅನೀಕಾ ಕೇಳಿದಳು.

"ಏನೂ ಹೇಳೋದಿಲ್ಲ," ಎಂದಳು ಕುಮುದಾ, ಒಂದೊಂದೇ ಸ್ವೀಡಿಷ್ ಪದ ಹುಡುಕುತ್ತ. "ಪಕ್ಕದಲ್ಲಿ, ನೆಲದ ಮೇಲೆ ಕೂತ್ಕೋತೀನಿ. ಅದು ನನ್ನ ಕಡೆ ನೋಡೋ ತನಕ."

ಅನೀಕಾ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದಳು.

ಸೋಮವಾರದಿಂದ ಕೆಲಸ ಎಂದು ತಿಳಿದ ಸಂಜೆ ರಮಾನಂದರ ದನಿಯಲ್ಲಿ ಹಬ್ಬ. "ನೋಡ್ದ್ಯಾ! ನಾನ್ ಹೇಳ್ಕೊಟ್ಟಿದ್ದು ವರ್ಕ್ ಆಯ್ತು."

ಆ ಚೀನೀ ಮಾತು ಕುಮುದಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಇಲ್ಲ ಅಂಕಲ್. ಇದ್ದಿದ್ದನ್ನ ಇದ್ದ ಹಾಗೇ ಹೇಳ್ದೆ."